ಗಡಿಗಲ್ಲಿನಾಚೆ ಕಾರ್ಪೊರಲ್

ಎಲ್ಲಿಂದ ಶುರು ಮಾಡಲಿ? ನಾಯಿಮರಿಯಿಂದ ಶುರು ಮಾಡಿದರೆ ನೀವು ಅದನ್ನು ಮುದ್ದು ಮಾಡುತ್ತ ಕೂತುಬಿಡುತ್ತೀರಿ, ಹೆದರುವುದೇ ಇಲ್ಲ. ಕತ್ತಲಿನಿಂದ ಶುರು ಮಾಡಿದರೆ ಮೊದಲೇ ಹೆದರಿ, ಮರಿಯನ್ನು ಸರಿಯಾಗಿ ನೋಡುವುದಿಲ್ಲ. ಹೋಗಲಿ, ಸೈಕಲ್ಲಿನಿಂದಲೇ ಶುರು ಮಾಡುತ್ತೇನೆ. ಚಕ್ರ ಒಮ್ಮೆ ಉರುಳಿದರೆ ಉಳಿದದ್ದು ಹಿಂದೆ ಬರುತ್ತದೆ. (ಏನು ಹಿಂದೆ ಬರುತ್ತದೆ ಎಂದು ಈಗಲೇ ಕೇಳಬೇಡಿ.)

೧

೧೯೪೬ರ ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಹಲಸೂರಿನ ನಮ್ಮ ಮನೆಯ ಮುಂದಿನಿಂದ ಮೂರು ಸೈಕಲ್ಲುಗಳು ಹೊರಟವು. ಮೊದಲನೆಯದರಲ್ಲಿ ನನ್ನ ಅಣ್ಣ ಅಂಜನಮೂರ್ತಿ. ಅವನ ಹ್ಯಾಂಡಲ್ಲಿಗೆ ಕಟ್ಟಿದ ಬೆತ್ತದ ಬುಟ್ಟಿಯಲ್ಲಿ ಐದು ತಿಂಗಳ ನಾಯಿಮರಿ. ಎರಡನೆಯದರಲ್ಲಿ ಅವನ ಗೆಳೆಯ ಅಸ್ಗರ್, ಶಿವಾಜಿನಗರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಮೂರನೆಯದರಲ್ಲಿ ಹದಿನೆಂಟು ವರ್ಷದ ನಾನು, ಜಡೆ ಗಾಳಿಗೆ ಹಾರಿಸುತ್ತ...

"ನಿಲ್ಸೇ, ನಿಲ್ಸು," ಎಂದು ಅಣ್ಣ ಪುಟದ ಒಳಗಿನಿಂದಲೇ ಕೂಗಿದ. "ನಿಂಗೆ ಸೈಕಲ್ ಬರುತ್ತಾ?"

"ಕಥೇಲಿ ಬರುತ್ತೆ ಕಣೋ ಅಣ್ಣ."

"ಬಂದ್ರೂ ಅಮ್ಮ ನಿನ್ನ ರಾತ್ರಿ ಹೊರಗೆ ಬಿಡ್ತಿದ್ಲಾ? ನೀನು ಮನೇಲಿದ್ದೆ. ನಮ್ಮ ಪುಟ್ಟೀನ ಎತ್ಕೊಂಡು, ಮೂತಿ ಊದಿಸ್ಕೊಂಡು, ಬಾಗಿಲಲ್ಲಿ ನಿಂತಿದ್ದೆ."

ಸರಿ. ಮೂರನೆಯ ಸೈಕಲ್ಲನ್ನು ಹೊಡೆದುಹಾಕಿದ್ದೇನೆ.

[ಹಾಗಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ರಾತ್ರಿ ನಾನು ಅಲ್ಲಿರಲಿಲ್ಲ. ಅರ್ಧ ಅಣ್ಣ ಹೇಳಿದ್ದು, ಅರ್ಧ ಅಸ್ಗರ್ ಹೇಳಿದ್ದು. ನಡುವೆ ಹರಿದಲ್ಲಿ ನಾನು ಹೊಲಿಗೆ ಹಾಕಿದ್ದೇನೆ. ಕಣ್ಣಿಗೆ ಬಿದ್ದರೆ ಅಸ್ಗರನ ಹಾಗೆ ಸುಮ್ಮನಿದ್ದುಬಿಡಿ. ಕಾಲೇಜಿನಲ್ಲಿ ಓದಿದ ಹುಡುಗಿಯ ಹೊಲಿಗೆ ಹೀಗೇ ಎಂದು ಅವನಿಗೆ ಗೊತ್ತಿತ್ತು.]

೨

ಮರಿಯ ಹೆಸರು ಕಾರ್ಪೊರಲ್. ಮುಂಗಾಲಿನ ಮೇಲೆ ಸಿಪಾಯಿಗಳ ತೋಳಿನಲ್ಲಿರುವಂತೆ ಎರಡು ಪಟ್ಟೆ ಇದ್ದವು. ಯುದ್ಧ ಮುಗಿದು ದಂಡಿನ ಬಿಳಿಯರು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದ ಕಾಲ. ಅವರಲ್ಲೊಬ್ಬ ಸೈಕಲ್ ಮಾರಲು ಅಸ್ಗರನ ಅಂಗಡಿಗೆ ಬಂದವನು ಮರಿಯನ್ನೂ ಬಿಟ್ಟು, ತಿರುಗಿ ಮೂರು ಸಲ ಬಂದು ಅದರ ತಲೆ ಸವರಿ ಹೋದನಂತೆ. ಅಸ್ಗರನ ಮನೆಯಲ್ಲಿ ನಾಯಿ ಸಾಕುವ ಹಾಗಿಲ್ಲ. ನಮ್ಮ ಮನೆಗೆ ಬಂತು.

ನಮ್ಮ ಮನೆಯಲ್ಲಿ ಎಂಟು ತಿಂಗಳ ಪುಟ್ಟಿ ಇದ್ದಳು, ಅಣ್ಣನ ಮಗಳು. ಅವಳು ಮರಿಯ ಬಾಯಿಗೆ ಮುಷ್ಟಿ ತುರುಕಿದರೆ ಅದು ಕಚ್ಚದೆ, ಉಗುಳಲೂ ಆಗದೆ, ನಮ್ಮ ಮುಖ ನೋಡುತ್ತಿತ್ತು. ರಾತ್ರಿ ತೊಟ್ಟಿಲಿನ ಕೆಳಗೇ ಮಲಗುತ್ತಿತ್ತು. ಅಣ್ಣ ಇಲ್ಲದ ರಾತ್ರಿ ಮಾತ್ರ ಬಾಗಿಲ ಬಳಿ ಕೂತು ಊಳಿಡುತ್ತಿತ್ತು. ಆದ್ದರಿಂದ ಅಮ್ಮ, "ಕೆರೆ ದಂಡೇಲಿ ಮಲಗ್ಲೇಬೇಕು ಅಂತಿದ್ರೆ ಅದನ್ನೂ ಹೊತ್ಕೊಂಡು ಹೋಗಪ್ಪಾ. ಮಗೂನ ಎಬ್ಬಿಸುತ್ತೆ," ಅಂದಳು. ಹಾಗೆ ಕಾರ್ಪೊರಲ್ ಬುಟ್ಟಿ ಸೇರಿತು.

ಇನ್ನೊಂದು ವಿಷಯ. ಆ ವಾರ ಪುಟ್ಟಿಗೆ ಸಿಡುಬಿನ ಲಸಿಕೆ ಹಾಕಿಸಬೇಕಿತ್ತು. ನೆಗಡಿ ಇದೆ, ಮುಂದಿನ ತಿಂಗಳು ಕರೆದುಕೊಂಡು ಬನ್ನಿ ಎಂದು ಹಾಕುವವರು ವಾಪಸು ಕಳಿಸಿದ್ದರು. (ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ಅದನ್ನೂ ಬರೆದಿರಬೇಕು.)

೩

ಹಳೇ ಮದ್ರಾಸು ರಸ್ತೆ. ನೀವು ಇಂದಿರಾನಗರ ಎನ್ನುವುದು ಆಗ ರಾಗಿ ಹೊಲ. ಕೃಷ್ಣರಾಜಪುರ ದಾಟಿ, ಎಡಕ್ಕೆ ಹೊರಳಿ, ಗಾಡಿ ಜಾಡಿನಲ್ಲಿ ಒಂದು ಹರದಾರಿ. ಹೊಂಗೆ ಮರಗಳು, ಕೆರೆ, ಕೆರೆಯ ಪಕ್ಕ ಮೊಣಕಾಲೆತ್ತರದ ಒಂದು ಗಡಿಗಲ್ಲು. ಕಲ್ಲಿನ ಆ ಬದಿಗೆ ಊರು. ಈ ಬದಿಗೆ, ಹೊಂಗೆಯ ಕೆಳಗೆ, ಗುಡಿಸಿ ಸಗಣಿಯಿಂದ ಸಾರಿಸಿದ ಒಂದಾಳುದ್ದದ ನೆಲ. ಇನ್ನೂ ಹಸಿಯಾಗಿತ್ತು.

"ನೋಡೋ ಮೂರ್ತಿ," ಅಂದ ಅಸ್ಗರ್. "ನಮಗೋಸ್ಕರಾನೇ ಯಾರೋ ಸಾರ್ಸಿಟ್ಟವ್ರೆ. ಟೌನ್ ಹಾಲ್ ಇದ್ದಂಗದೆ."

"ಕಲ್ಲು ಮುಳ್ಳು ಒಂದೂ ಇಲ್ಲ ಗುರು. ಇಲ್ಲೇ ಹೊಡಿ ಗೂಟ."

ಪೇಟೆಯವರು ಮಾತ್ರ ಮಾಡುವ ತಪ್ಪು ಅದು. ಹಳ್ಳಿಯಲ್ಲಿ ಹುಟ್ಟಿದವರು, ಊರ ಗಡಿಯಲ್ಲಿ ಯಾರೂ ಇಲ್ಲದ ಕಡೆ ಸಾರಿಸಿಟ್ಟ ನೆಲ ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತಾರೆ. ಇವರು ಮಿಲಿಟರಿ ಗುಜರಿಯಲ್ಲಿ ಕೊಂಡಿದ್ದ ಟೆಂಟನ್ನು ಅದರ ಮೇಲೆ ನೆಟ್ಟರು. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತಿಂದರು. ಕಾರ್ಪೊರಲ್ ಮಾತ್ರ ಒಳಗೆ ಬರಲಿಲ್ಲ. ಸಾರಿಸಿದ ನೆಲದ ಅಂಚಿನಲ್ಲೇ, ಗೆರೆ ಎಳೆದಂತೆ, ಕೂತಿತು.

೩ (ಮತ್ತೆ, ಏಕೆಂದರೆ ಮೇಲಿನದರಲ್ಲಿ ನಾನು ಓಡಿಬಿಟ್ಟೆ)

ನಡುರಾತ್ರಿ ಅಸ್ಗರ್ ಎದ್ದು ಕೂತ. ಊರ ಕಡೆಯಿಂದ ಒಂದು ದೀಪ ಬರುತ್ತಿತ್ತು. ಒಂದೇ ದೀಪ, ಅದರ ಸುತ್ತ ಐದಾರು ಜನ. ತಮಟೆಯಿಲ್ಲ, ಮಾತಿಲ್ಲ, ಕೆಮ್ಮು ಕೂಡ ಇಲ್ಲ.

"ಯಾರ್ರೀ ಅದು?" ಅಂದ ಅಸ್ಗರ್.

ಗಡಿಗಲ್ಲು ದಾಟಿ ನೇರ ಟೆಂಟಿನ ಕಡೆಗೇ ಬಂದರು. ಮುಂದಿದ್ದವನ ತಲೆಯ ಮೇಲೆ ಒಂದು ಹೊಸ ಮೊರ. ಟೆಂಟು ಕಂಡು ಅವನ ಕಾಲು ತಡವರಿಸಿತು, ಆದರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರಿತ್ತು ಎಂದ ಅಣ್ಣ. ಮೊರವನ್ನು ಟೆಂಟಿನ ಬಾಯಿಯಲ್ಲೇ ಇಳಿಸಿ, ಕೈ ಮುಗಿದು, ಎಲ್ಲರೂ ಬೆನ್ನು ತಿರುಗಿಸಿ ಹೊರಟರು. ಒಬ್ಬರೂ ಹಿಂದೆ ನೋಡಲಿಲ್ಲ.

ಮೊರದಲ್ಲಿ ಬೇವು, ಅರಿಸಿನ, ಹಸಿರು ಬಳೆ, ಉರಿಯುವ ಹಣತೆ, ಎಲೆಯ ಮೇಲೆ ಮೊಸರನ್ನ. ಅಣ್ಣ, ಅಸ್ಗರ್ ಇಬ್ಬರೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಕಾರ್ಪೊರಲ್ ಮೊಸರನ್ನವನ್ನು ನೆಕ್ಕಿ ಮುಗಿಸಿತ್ತು.

೪

"ತಿಂದ್ಬಿಡ್ತಾ?"

ಗಡಿಗಲ್ಲಿನ ಆಚೆ ಒಬ್ಬ ಮುದುಕಿ ನಿಂತಿದ್ದಳು. ಪಟಾಲಮ್ಮ. ಸಂಜೆ ಆ ನೆಲ ಸಾರಿಸಿದವಳು ಅವಳೇ. ದೂರದಿಂದ ಟೆಂಟಿನ ಬೆಳಕು ಕಂಡು, ಮಲಗಲಾಗದೆ ಬಂದಿದ್ದಳು.

"ಏನಜ್ಜೀ ಇದು?" ಅಂದ ಅಣ್ಣ.

"ಊರಲ್ಲಿ ಅಮ್ಮ ಆಗದೆ ಕಣಪ್ಪಾ. ಸಿಡುಬು. ಏಳು ಮಕ್ಳಿಗೆ. ಅದ್ಕೇ ಮಾರೀನ ಗಡಿ ದಾಟಿಸಿ ಕುಂಡ್ರಿಸ್ತೀವಿ. ಮೊರ ಎತ್ತಿದ್ಮ್ಯಾಗೆ ಮಾತಾಡಂಗಿಲ್ಲ, ವಾಪಸ್ ತರಂಗಿಲ್ಲ. ನಿಮ್ಮನ್ನ ಎಬ್ಸಾದ್ರೂ ಹೆಂಗೆ ಎಬ್ಸಾರು?"

"ನಾವೀಗ ಎದ್ದು ಹೋದ್ರೆ?"

"ನೀವು ಹೋಗ್ಬೋದು. ಎಡೆ ತಿಂದಿದ್ದು ಅವಳದಾಯ್ತು. ಅದು ಎಲ್ಲಿಗೋ ಅವಳೂ ಅಲ್ಲಿಗೆ." ಆಮೇಲೆ ಕೇಳಿದಳು: "ಮನೇಲಿ ಮಕ್ಳಿಲ್ಲ ತಾನೇ?"

ಅಸ್ಗರ್ ಮೆಲ್ಲಗೆ, "ಎಂಟು ತಿಂಗಳದ್ದು," ಅಂದ.

ಪಟಾಲಮ್ಮ ನೆಲದ ಮೇಲೆ ಕೂತುಬಿಟ್ಟಳು. ಮೊರ ಇಟ್ಟ ಮೇಲೆ ಬೆಳಗಾಗುವವರೆಗೆ ಊರವರು ಕಲ್ಲು ದಾಟುವಂತಿಲ್ಲ. ಆದರೆ ಹುಡುಗರು ಹೆದರಿದ್ದಾರೆಂದು ಅವಳು ಎದ್ದು ಹೋಗಲೂ ಇಲ್ಲ. ಮಡಿಲಿನಿಂದ ಹುರಿದ ಕಡಲೆಕಾಯಿ ತೆಗೆದು ಒಂದೊಂದಾಗಿ ಎಸೆದಳು, "ತಿನ್ರಪ್ಪಾ, ಬಾಯಾಡ್ತಿದ್ರೆ ಭಯ ಆಗಾಕಿಲ್ಲ" ಎನ್ನುತ್ತ.

[ನೀವು ಯಾವುದಕ್ಕೆ ಕಾಯುತ್ತಿದ್ದೀರಿ ಗೊತ್ತು. ಬೆಳಿಗ್ಗೆ ಯಾರಾದರೂ ಬಂದು, "ಪಟಾಲಮ್ಮನಾ? ಅವಳು ಸತ್ತು ಹತ್ತು ವರ್ಷ ಆಯ್ತಲ್ಲ" ಎನ್ನಬೇಕು. ಇಲ್ಲ. ಅವಳು ಆಮೇಲೂ ಹನ್ನೊಂದು ವರ್ಷ ಹಲಸೂರು ಮಾರ್ಕೆಟ್ಟಿಗೆ ಸೊಪ್ಪು ತಂದಳು. ದೆವ್ವ ಹೇಳಿದ್ದರೆ ನಂಬದೆ ಇರಬಹುದಿತ್ತು. ಸೊಪ್ಪು ಮಾರುವವಳು ಹೇಳಿದ್ದೇ ಕಷ್ಟ.]

ಮೊರದ ಹಣತೆ ಗಾಳಿಗೆ ಆರಲಿಲ್ಲ. ಅದರ ಬೆಳಕಿನಲ್ಲಿ ಅಣ್ಣ ಕಂಡದ್ದು ಇಷ್ಟು. ಕಾರ್ಪೊರಲ್ ಮೊರದ ಪಕ್ಕ ಮಲಗಿತ್ತು. ತಲೆ ನೆಲದ ಮೇಲಿರಲಿಲ್ಲ. ಗೇಣುದ್ದ ಮೇಲೆ, ಯಾರದೋ ತೊಡೆಯ ಮೇಲಿಟ್ಟಂತೆ, ನಿಂತಿತ್ತು. ಬೆನ್ನ ಮೇಲಿನ ಕೂದಲು ಕುತ್ತಿಗೆಯಿಂದ ಬಾಲದವರೆಗೆ ಮೆಲ್ಲಗೆ ಒತ್ತಿಕೊಂಡು, ಮತ್ತೆ ಏಳುತ್ತಿತ್ತು. ಒತ್ತಿಕೊಂಡು, ಏಳುತ್ತಿತ್ತು. ಮರಿ ಸುಖವಾಗಿ ನಿಟ್ಟುಸಿರು ಬಿಟ್ಟಿತು.

೫

ಕ್ಲೈಮ್ಯಾಕ್ಸ್ ಬೇಕಲ್ಲ. ಎರಡು ಅಂತ್ಯ ಬರೆದಿಟ್ಟಿದ್ದೇನೆ.

ಮೊದಲನೆಯದು. ಬೆಳಿಗ್ಗೆ ಪಟಾಲಮ್ಮ, "ಇಲ್ಲೇ ಮರಕ್ಕೆ ಕಟ್ಟಿಬಿಡಪ್ಪಾ. ನಾನು ಕಲ್ಲಿಂದೀಚೆ ನಿಂತು ಕೋಲಲ್ಲಿ ಮುದ್ದೆ ದೂಡ್ತೀನಿ. ಹಸಿವಿಗೆ ಬಿಡಾಕಿಲ್ಲ," ಎಂದಳು. ಅಣ್ಣ ಕಟ್ಟಿದ. ಸೈಕಲ್ ಹತ್ತಿದ. ಕೆರೆ ಏರಿಯ ತಿರುವಿನಲ್ಲಿ ತಿರುಗಿ ನೋಡಿದ. ಮರಿ ಅಳುತ್ತಿರಲಿಲ್ಲ. ಇವನನ್ನು ನೋಡುತ್ತಲೂ ಇರಲಿಲ್ಲ. ಪಕ್ಕದಲ್ಲಿ ನಿಂತ ಯಾರದೋ ಮುಖವನ್ನು ತಲೆಯೆತ್ತಿ...

"ನಾನು ಹಾಗೆ ಮಾಡ್ಲಿಲ್ಲ," ಅಂದ ಅಣ್ಣ.

"ಮಾಡಬಹುದಿತ್ತಲ್ಲ. ಪುಟ್ಟಿಗೋಸ್ಕರ."

"ಕೈ ಬರ್ಲಿಲ್ಲ ಕಣೇ. ಹಗ್ಗ ಕಟ್ಟೋಕೆ ಹೋದ್ರೆ ನನ್ನ ಕೈನೇ ನೆಕ್ತಿತ್ತು. ಅಳಿಸಿ ಹಾಕು."

ಅಳಿಸಿದೆ.

ಎರಡನೆಯದು. ಮರಿಯನ್ನು ಕೆರೆಯಲ್ಲಿ ಮುಳುಗಿಸಿ ತೆಗೆದು, ಬೇವಿನಲ್ಲಿ ಉಜ್ಜಿ, ಅಸ್ಗರ್ ಏನೋ ಓದಿ ಊದಿ, ಇಬ್ಬರೂ ಹಗುರಾಗಿ ನಗುತ್ತ ಮನೆಗೆ ಬಂದರು.

"ನಕ್ಕೋ ತಂಗೀ," ಅಂದ ಅಸ್ಗರ್. ಅವರ ಉರ್ದುವಿನಲ್ಲಿ ಬೇಡ ಎಂದರ್ಥ. "ಊದಿದ್ದು ಹೌದು. ನಗ್ಲಿಲ್ಲ. ನಾನು ಸೈಕಲ್ ನೋಡೋನು. ಟೈರ್ ನೋಡಿದ್ರೇ ಎಷ್ಟು ಜನ ಕೂತವ್ರೆ ಅಂತ ಹೇಳ್ತೀನಿ. ನಿಮ್ಮಣ್ಣನ ಹಿಂದಿನ ಟೈರ್ ಒತ್ಕೊಂಡು ನೆಲಕ್ಕೆ ಅಂಟಿತ್ತು. ಕೃಷ್ಣರಾಜಪುರದಲ್ಲಿ ಇಳಿದು ಗಾಳಿ ಹೊಡೆದೆ. ಮತ್ತೆ ಒತ್ಕೊಂತು. ಪಂಚರ್ ಇರ್ಲಿಲ್ಲ."

"ನೀನು ಅಣ್ಣನಿಗೆ ಹೇಳಿದೆಯಾ?"

"ಎದುರುಗಾಳಿ ಅಂದ್ಕೊಂಡು ತುಳೀತಿದ್ದ ಪಾಪ. ಹೇಳ್ಲಿಲ್ಲ. ಅವನ ಹಿಂದೆಯೇ ಬಂದೆ. ಬಿಟ್ಟು ಮುಂದೆ ಹೋಗ್ಲಿಲ್ಲ, ಅಷ್ಟೇ ನಾನು ಮಾಡಿದ್ದು."

ಅಷ್ಟು ಮಾಡುವವರು ಎಷ್ಟು ಜನ ಇದ್ದಾರೆ? ಇದನ್ನೂ ಅಳಿಸಿದೆ.

೬

ಇನ್ನು ನಾನು ಕಂಡದ್ದು. ಹೊಲಿಗೆ ಇಲ್ಲದ್ದು.

ಭಾನುವಾರ, ಬಿಸಿಲು ನೆತ್ತಿಗೇರಿತ್ತು. ಅತ್ತಿಗೆ ಹಿತ್ತಲಲ್ಲಿ, ಅಮ್ಮ ಒಲೆಯ ಮುಂದೆ. ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನು ಬಾಗಿಲು ತೆರೆದೆ. ಅಣ್ಣ ಬೀದಿಯ ಆಚೆ ಬದಿಯಲ್ಲೇ ನಿಂತಿದ್ದ. ಬುಟ್ಟಿಯಲ್ಲಿ ಕಾರ್ಪೊರಲ್. ಮೂಲೆಯಲ್ಲಿ ಅಸ್ಗರ್.

ಅಲ್ಲಿಂದಲೇ ಅಣ್ಣ ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದ. ಆಮೇಲೆ, "ಬರ್ಲೋ ಬೇಡ್ವೋ ನೀನೇ ಹೇಳು," ಅಂದ. "ಅಮ್ಮನ್ನ ಕೇಳಿದ್ರೆ ಬಡಿದು ಓಡಿಸ್ತಾಳೆ. ನಿಮ್ಮತ್ತಿಗೇನ ಕೇಳಿದ್ರೆ ಅಳ್ತಾಳೆ. ನೀನು ಓದಿದವಳು."

ಓದಿದ್ದೆ. ರೋಗ ಹೇಗೆ ಹರಡುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ನಾಯಿಗೆ ಸಿಡುಬು ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬೇಡ ಎಂದಿದ್ದರೆ ಅವನು ಮತ್ತೆ ಅಷ್ಟು ದೂರ ತುಳಿದು, ಆ ಮರಕ್ಕೇ ಅದನ್ನು ಕಟ್ಟಿ ಬರುತ್ತಿದ್ದ. ಬಾ ಎಂದಿದ್ದರೆ ಹೊಸ್ತಿಲು ದಾಟುತ್ತಿದ್ದ.

ಮರಿ ಬಾಲ ಅಲ್ಲಾಡಿಸಿತು. ನಮ್ಮನ್ನು ನೋಡಿ ಅಲ್ಲ. ಬೀದಿಯ ಮಧ್ಯದ ಖಾಲಿ ಜಾಗವನ್ನು ನೋಡಿ. ಆಮೇಲೆ ಅದಕ್ಕಿಂತ ಹತ್ತಿರದ ಜಾಗವನ್ನು ನೋಡಿ. ಆಮೇಲೆ ನಮ್ಮ ಮೆಟ್ಟಿಲನ್ನು.

[ಮುಂದೆ ಏನಾಯಿತು, ಪುಟ್ಟಿ ಏನಾದಳು ಎಂದು ಕೇಳುತ್ತೀರಿ. ಅಣ್ಣನೂ ಕೇಳುತ್ತಿದ್ದಾನೆ, ಇನ್ನೂ ಬಿಸಿಲಲ್ಲೇ ನಿಂತು. ಇಲ್ಲಿಂದ ಮುಂದಿನ ಹಾಳೆಗಳನ್ನು ಎಷ್ಟೋ ಸಲ ಬರೆದಿದ್ದೇನೆ. ಒಂದನ್ನೂ ನಿಮಗೆ ಕೊಡುವುದಿಲ್ಲ. ನಾನು ಬಾಯಿ ತೆರೆದದ್ದಷ್ಟೇ ಈ ಕಥೆಯಲ್ಲಿದೆ. ಮಾತು ಇನ್ನೂ ಹೊರಬಿದ್ದಿಲ್ಲ, ಆದ್ದರಿಂದ ಏನೂ ಆಗಿಲ್ಲ.]

ಪುಟ್ಟಿ ನಕ್ಕಳು. ಯಾರೂ ಇಲ್ಲದ ಮೆಟ್ಟಿಲಿನ ಕಡೆಗೆ ಎರಡೂ ಕೈ ಚಾಚಿದಳು, ಎತ್ತಿಕೋ ಎಂದು ಕೇಳುವಾಗ ಚಾಚುವ ಹಾಗೆ. ಮರುಕ್ಷಣ, ಅವಳ ಕಂಕುಳಿಗೆ ಯಾರೋ ಮೆಲ್ಲಗೆ, ಬಹಳ ಮೆಲ್ಲಗೆ, ಮಕ್ಕಳನ್ನು ಎತ್ತಿ ರೂಢಿಯಿದ್ದವರ ಹಾಗೆ, ಕೈ ಕೊಟ್ಟಂತೆ, ನನ್ನ ಸೊಂಟದ ಮೇಲಿನ ಭಾರ ಹಗುರಾಯಿತು.

ನಾನು ಬಿಟ್ಟಿಲ್ಲ. ಹಿಡಿದುಕೊಂಡೇ ಇದ್ದೇನೆ.