ಅರ್ಥ ಬರೆಯದ ಚೀಟಿ

ನಾನು ಲ್ಯಾಟಿನ್ ಭಾಷೆಯ ಒಂದು ವಿಶೇಷಣ. ಬಟ್ಟೆಬರೆಗೆ ಸಂಬಂಧಪಟ್ಟ ಪದ. ಮಂಗಳೂರಿನ ಒಂದು ಇಗರ್ಜಿಯ ಹಿಂದಿನ ಕೋಣೆಯಲ್ಲಿ ಬಾಲ್ತಜಾರ್ ಪಾದ್ರಿಗಳು ನನ್ನನ್ನು ಅಂಗೈಯಗಲದ ಚೀಟಿಯಲ್ಲಿ ಬರೆದರು. ನನ್ನ ಮೂರು ಲಿಂಗಗಳೂ ಒಂದೇ ಸಾಲಿನಲ್ಲಿ ಕುಳಿತವು: ವೆಸ್ಟಿಯಾರಿಯಸ್, ವೆಸ್ಟಿಯಾರಿಯಾ, ವೆಸ್ಟಿಯಾರಿಯುಮ್. ವಿಶೇಷಣಕ್ಕೆ ಒರಗಿಕೊಳ್ಳಲು ಒಂದು ನಾಮಪದ ಬೇಕು. ನನಗೆ ಅದಿರಲಿಲ್ಲ. ಮೂರಾಗಿದ್ದೂ ನಾನು ಒಂಟಿ.

ಪಾದ್ರಿಗಳು ಮೂವತ್ತು ವರ್ಷದಿಂದ ಲ್ಯಾಟಿನ್-ಕನ್ನಡ ನಿಘಂಟು ಬರೆಯುತ್ತಿದ್ದರು. ಅವರದೊಂದು ಹಟ. ಕಸುಬಿನ ಪದವಾದರೆ ಆ ಕಸುಬಿನವರನ್ನು ಕೇಳದೆ ಅರ್ಥ ಬರೆಯುತ್ತಿರಲಿಲ್ಲ. ಹಾಗಾಗಿ ನನ್ನನ್ನು ಜೇಬಿಗಿಳಿಸಿ, ಪೂಜೆಯ ಉಡುಪು ಹೊಲಿಯುವ ಅಪೊಲಿನ್ ಬಾಯಿಯ ಅಂಗಡಿಗೆ ಹೋದರು. ಅವರು ಮಾತೆತ್ತುವ ಮೊದಲೇ ಆಕೆ ಟೇಪು ಹಿಡಿದು ಎದ್ದಳು.

“ನಿಮ್ಮ ನಿಲುವಂಗಿ ಭಿಕ್ಷುಕನೂ ಹಾಕ್ಲಿಕ್ಕಿಲ್ಲ ಪಾದ್ರ್ಯಾಬ್! ನೆಟ್ಟಗೆ ನಿಲ್ಲಿ. ಅಳತೆ ಬರೀಲಿಕ್ಕೆ ಒಂದು ತುಂಡು ಕಾಗದ ಉಂಟಾ?”

ಮರೆಗುಳಿ ಪಾದ್ರಿಗಳು ನನ್ನನ್ನೇ ತೆಗೆದುಕೊಟ್ಟರು. ಬಂದ ಕೆಲಸವನ್ನೂ ಮರೆತರು. ನನ್ನ ಬೆನ್ನಿನ ಮೇಲೆ ಅವರ ಭುಜ, ತೋಳು, ಉದ್ದದ ಅಳತೆ ಬಿತ್ತು. ಅಪೊಲಿನ್ ಬಾಯಿ ನನ್ನನ್ನು ಮೊಳೆಗೆ ಸಿಕ್ಕಿಸಿದಳು, ಮುಖ ಗೋಡೆಗೆ.

ಎಂಟನೆಯ ದಿನ ಪಾದ್ರಿಗಳು ಏದುಸಿರು ಬಿಡುತ್ತ ಬಂದರು.

“ಬಾಯಿ, ನನ್ನ ಒಂದು ಚೀಟಿ ಇಲ್ಲಿ ಬಿದ್ದಿದೆಯಾ? ಏನು ಬರೆದಿದ್ದೆ ಅಂತಲೇ ಮರೆತು ಹೋಯ್ತು. ಅದೊಂದು ಸಿಕ್ಕಿದ್ರೆ ಪುಸ್ತಕ ಮುಗೀತದೆ.”

“ಇಲ್ಲಿರೂದು ಬರೀ ಅಳತೆ ಚೀಟಿ, ಪಾದ್ರ್ಯಾಬ್.”

ಅವರ ಮೂಗಿನ ನೇರಕ್ಕೇ ನೇತಾಡುತ್ತಿದ್ದೆ. ಓದುವವರಿಲ್ಲದೆ ಪದಕ್ಕೆ ದನಿಯಿಲ್ಲ. ಅವರು ಮೆಟ್ಟಿಲಿಳಿದು ಹೋದಾಗ ನನಗಾದ ಸಂಕಟ ಯಾರಿಗೂ ಬೇಡ.

ಆ ವಾರವೇ ಪಾದ್ರಿಗಳು ತೀರಿಕೊಂಡರು. ಹೊಸ ನಿಲುವಂಗಿ ತೊಡಿಸಿ ಮಣ್ಣು ಮಾಡಿದರು. ನಿಘಂಟು ನಾನಿಲ್ಲದೆಯೇ ಅಚ್ಚಾಯಿತು.

ಬಟ್ಟೆ ಕೊಟ್ಟಾದ ಮೇಲೆ ಅಳತೆ ಚೀಟಿಯನ್ನು ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಹಾಕುವುದು ಬಾಯಿಯ ರೂಢಿ. ನನ್ನನ್ನೂ ಎತ್ತಿಕೊಂಡಳು, ಯಾಕೋ ಮಗುಚಿ ನೋಡಿದಳು. ಪಾದ್ರಿಗಳ ಕೈಬರಹ! ಸಿಸ್ಟರುಗಳ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ಲ್ಯಾಟಿನ್ ಎಂದರೆ ಆಕೆಗೆ ಪ್ರಾರ್ಥನೆ, ಇನ್ನೇನು? ಅರ್ಥ ತಿಳಿಯದೆ ಭಕ್ತಿಯಿಂದ ಹೇಳುವುದು ಚಿಕ್ಕಂದಿನಿಂದ ಅಭ್ಯಾಸ.

“ಸಾಯುವಾಗ ಹೇಳ್ಲಿಕ್ಕೆ ಬರೆದಿಟ್ಟ ಪ್ರಾರ್ಥನೆ. ಅದನ್ನೇ ಹುಡುಕಿಕೊಂಡು ಬಂದದ್ದು! ನಾನು ಮೊಳೆಗೆ ಚುಚ್ಚಿ ಇಟ್ಟೆನಲ್ಲಾ, ದೇವರೇ,” ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಈಗ ಆಕೆಯ ಪ್ರಾರ್ಥನೆ ಪುಸ್ತಕದೊಳಗೆ ಹಳದಿಯಾಗಿ ಮಲಗಿದ್ದೇನೆ. ನನ್ನ ಭಾಷೆಯವರು ಹತ್ತಿರದಲ್ಲಿ ಯಾರೂ ಇಲ್ಲ. ವರ್ಷಕ್ಕೊಮ್ಮೆ, ಸತ್ತವರನ್ನು ನೆನೆಯುವ ದಿನ, ಆಕೆ ಪಾದ್ರಿಗಳ ಸಮಾಧಿಯ ಮುಂದೆ ಮೊಣಕಾಲೂರಿ, ಕನ್ನಡಕ ಏರಿಸಿ ನನ್ನನ್ನು ಗಟ್ಟಿಯಾಗಿ ಓದುತ್ತಾಳೆ.

“ವೆಸ್ಟಿಯಾರಿಯಸ್, ವೆಸ್ಟಿಯಾರಿಯಾ, ವೆಸ್ಟಿಯಾರಿಯುಮ್. ಆಮೆನ್. ದೇವರೇ, ಇದ್ರಲ್ಲಿ ಪಾದ್ರ್ಯಾಬ್ ಏನೇನು ಬೇಡಿದ್ದಾರೋ, ಎಲ್ಲ ಕೊಟ್ಟುಬಿಡು.”

ಅವರು ಬೇಡಿದ್ದು ನನ್ನ ಅರ್ಥವೊಂದನ್ನೇ.