ಚೌಕ ತೊಳೆಯುವವರು

“ಏನಮ್ಮಾ, ನಿನ್ ಗಂಡ ಸತ್ತಿದಾನೆ, ಗೊತ್ತಾ? ಬಸ್ಸು ತಪ್ಪಿಸ್ಕೊಂಡೋಳ ಥರ ನಿಂತಿದೀಯಲ್ಲ. ಅಳೋಕೂ ಬರಲ್ವಾ?”

ಕ್ರಾಂತಿಯ ಮೇಲೆ ಸಿನಿಮಾ ತೆಗೆಯುತ್ತಿದ್ದ ನಿರ್ದೇಶಕ ಕೇಳಿದ್ದು ನನ್ನ ಅಕ್ಕನನ್ನು. ವಿಧವೆಯ ಪಾತ್ರಕ್ಕೆ ಆಗುತ್ತಾಳೆ ಎಂದು ನಮ್ಮ ಮೇಸ್ತ್ರಿಯೇ ಅವಳನ್ನು ಮುಂದೆ ತಳ್ಳಿದ್ದ. ಗಂಡ ಸತ್ತದ್ದು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಇದೇ ಚೌಕದಲ್ಲಿ, ಗೋಲಿಬಾರಿನಲ್ಲಿ. ಅವಳನ್ನು ದೃಶ್ಯದಿಂದ ಹೊರಗೆ ಕಳಿಸಿ, ಮುಖಕ್ಕೆ ಮಸಿ ಬಳಿದುಕೊಂಡ ನಟಿಯೊಬ್ಬಳನ್ನು ಅಲ್ಲಿ ನಿಲ್ಲಿಸಿದರು. ಬಡವಿಯ ಹಾಗೆ ಕಾಣಬೇಕಲ್ಲ.

ನಾವು ಚೌಕ ತೊಳೆಯುವವರು. ಕ್ರಾಂತಿಗೆ ಮೊದಲೂ ತೊಳೆಯುತ್ತಿದ್ದೆವು, ಈಗಲೂ ತೊಳೆಯುತ್ತೇವೆ. ಏನೂ ಬದಲಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಗೋಡೆಗಳ ತುಂಬ ಮುಷ್ಟಿಯ ಚಿತ್ರಗಳು ಬಂದಿವೆ, ರೇಡಿಯೋದಲ್ಲಿ ದಿನಾ ಸತ್ತವರ ಹಾಡು ಬರುತ್ತದೆ, ಟೀ ಅಂಗಡಿಯಲ್ಲಿ ಸರ್ಕಾರವನ್ನು ಬೈದರೆ ಯಾರೂ ತಿರುಗಿ ನೋಡುವುದಿಲ್ಲ. ಮೇಸ್ತ್ರಿ ಮಾತ್ರ ಅವನೇ. ಮೊದಲು ‘ಏಯ್ ಮುಂಡೆ’ ಅನ್ನುತ್ತಿದ್ದವನು ಈಗ ‘ಬನ್ನಿ ತಾಯಿ’ ಅನ್ನುತ್ತಾನೆ. ಕ್ರಾಂತಿಯಿಂದ ನಮ್ಮ ಪಾಲಿಗೆ ಬಂದದ್ದು ಬಹುವಚನ.

ಭಾವನೂ ನಮ್ಮ ಜೊತೆಗೇ ಪೊರಕೆ ಹಿಡಿದವನು. ಗೋಲಿಬಾರಾದ ಆ ಸಂಜೆ “ಎಲ್ರೂ ಕೂಗ್ತಿದಾರೆ, ನಾನೂ ಒಂದ್ಸಲ ಗಂಟ್ಲು ಬಿಟ್ಟು ಬರ್ತೀನಿ ಕಣೇ” ಎಂದು ಹೋದ. ಬೆಳಗಾಗುವುದರೊಳಗೆ ಚೌಕ ಹೊಳೆಯಬೇಕು ಎಂದು ಮೇಸ್ತ್ರಿ ನಮ್ಮನ್ನು ಎಬ್ಬಿಸಿ ತಂದ. ಹೆಣಗಳನ್ನು ಆಗಲೇ ಸಾಗಿಸಿಬಿಟ್ಟಿದ್ದರು. ನಾನು ಪೈಪು ಹಿಡಿದೆ, ಅಕ್ಕ ಮೇಲಿನಿಂದ ಇಳಿಜಾರಿಗೆ, ಚರಂಡಿಯ ಕಡೆಗೆ ಗುಡಿಸುತ್ತಾ ಬಂದಳು. ನಾವು ಯಾವಾಗಲೂ ಹಾಗೇ ತೊಳೆಯುವುದು. ಉದ್ದಕ್ಕೂ ಅವನನ್ನೇ ಬೈಯುತ್ತಿದ್ದಳು. “ಎಲ್ಲಿ ಕುಡ್ದು ಬಿದ್ದಿದಾನೋ ಹಾಳಾದೋನು. ಇವತ್ತೊಂದಿನ ಬಂದಿದ್ರೆ ನನ್ ಸೊಂಟ ಉಳೀತಿತ್ತು.”

ಹೆಣ ಸಿಗಲಿಲ್ಲ. ಅವನು ಬಿದ್ದದ್ದನ್ನು ಕಂಡವರು ಜಾಗ ತೋರಿಸಿದರು, ಅಷ್ಟೇ. ಅವನದೆಂದು ಈ ಭೂಮಿಯ ಮೇಲೆ ಉಳಿದಿದ್ದನ್ನು ಅಕ್ಕ ತನ್ನ ಕೈಯಾರೆ ಚರಂಡಿಗೆ ತಳ್ಳಿದ್ದಳು. ಅಂದಿನಿಂದ ಅವಳು ಅತ್ತದ್ದನ್ನು ನಾನು ನೋಡಿಲ್ಲ. ನನಗೆ ಅದೇ ಹೆದರಿಕೆ.

ಸಿನಿಮಾದಲ್ಲಿ ಸಾಯುವ ನಾಯಕ ಕಾಲೇಜು ಹುಡುಗ, ಕೈಯಲ್ಲಿ ಬಾವುಟ. ಪೊರಕೆ ಹಿಡಿದವನು ಕಥೆಯಲ್ಲೇ ಇಲ್ಲ. ಹುಡುಗ ಬಿದ್ದಾಗಲೆಲ್ಲ ಬಕೆಟ್ಟಿನಿಂದ ಕೆಂಪು ನೀರು ಸುರಿಯುತ್ತಿದ್ದರು. ಸಕ್ಕರೆ ಪಾಕದ ವಾಸನೆಗೆ ನೊಣ ಮುತ್ತುತ್ತಿದ್ದವು. ಶಾಟ್ ಸರಿಬರದಿದ್ದರೆ ನಾವು ತೊಳೆಯಬೇಕು, ಅವರು ಮತ್ತೆ ಸುರಿಯಬೇಕು.

ಎರಡು ಸಲ ಅಕ್ಕ ತೊಳೆದಳು. ಮೂರನೆಯ ಸಲ ಪೊರಕೆಯನ್ನು ನೆಲಕ್ಕೆ ಹಾಕಿದಳು.

“ತೊಳೀರಿ ತಾಯಿ, ಬಿಸಿಲು ಇಳೀತಾ ಇದೆ” ಎಂದ ಮೇಸ್ತ್ರಿ.

“ಆಗಲ್ಲ.”

“ಬರೀ ಬಣ್ಣದ ನೀರಮ್ಮ ಅದು.”

“ಅವತ್ತೂ ತೊಳೆ ಅಂದೋನು ನೀನೇ.”

ಮೇಸ್ತ್ರಿಯ ಬಹುವಚನ ಅಲ್ಲಿಗೆ ಮುಗಿಯಿತು. “ಲೇ ಬೋಸುಡಿ, ನಿನ್ ಗಂಡನ ರಕ್ತಾನೇನೇ ಅದು? ಮುಚ್ಕೊಂಡ್ ತೊಳಿಯೇ.”

ಅಕ್ಕ ಆ ಕೆಂಪಿನ ನಡುವೆ ಕುಸಿದು ಕುಳಿತಳು. ಅದು ಚರಂಡಿಗೆ ಹೋಗದ ಹಾಗೆ ಕಾಲು ಅಡ್ಡ ಇಟ್ಟು, ಅಂಗೈಯಿಂದ ತನ್ನ ಕಡೆಗೆ ಎಳೆದುಕೊಳ್ಳತೊಡಗಿದಳು. “ಹಾಳಾದೋನೇ ಅಂದ್ಬಿಟ್ಟೆನಲ್ಲೋ” ಎಂದಳು. ಆಮೇಲೆ ಅಳು ಬಂತು.

ನಿರ್ದೇಶಕ ಕುರ್ಚಿಯಿಂದ ಎದ್ದೇಬಿಟ್ಟ. “ಯಾರೂ ಮುಟ್ಬೇಡಿ ಅವಳನ್ನ. ಕ್ಯಾಮೆರಾ ಹತ್ರ ತಗೊಳ್ಳಿ, ಮುಖ ಹಿಡೀರಿ. ಇದೇ ಬೇಕಾಗಿತ್ತು ನಂಗೆ.”

ಕ್ಯಾಮೆರಾ ಉರುಳಿಕೊಂಡು ಅಕ್ಕನ ಮುಂದೆ ಬಂತು. ಗಂಡನನ್ನು ಕಥೆಯಿಂದ ತೆಗೆದವರಿಗೆ ಇವಳ ಅಳು ಬೇಕಾಗಿತ್ತು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಪೈಪನ್ನು ನೇರ ಕ್ಯಾಮೆರಾಕ್ಕೆ ಹಿಡಿದೆ.

ಮೇಸ್ತ್ರಿ ನನ್ನ ಕೂದಲಿಗೆ ಕೈ ಹಾಕಿದ. ಯಾರೋ ಪೊಲೀಸರನ್ನು ಕರೆಯಿರಿ ಎಂದರು. ನಾನು ಬಿಡಲಿಲ್ಲ. ಕ್ಯಾಮೆರಾಕ್ಕೆ ಬಡಿದ ನೀರು ಇಳಿಜಾರಿನಲ್ಲಿ ಹರಿದು ಬಂದು ಕೆಂಪನ್ನೆಲ್ಲ ಎಳೆದುಕೊಂಡು ಚರಂಡಿಯತ್ತ ಹೊರಟಿತು. ಅಕ್ಕ ಎರಡೂ ಕೈ ಅಡ್ಡ ಹಾಕಿ ತಡೆಯುತ್ತಿದ್ದಳು.

“ನಿಲ್ಸೇ, ಹೋಗ್ತಿದಾನೆ, ನಿಲ್ಸೇ” ಎಂದು ನನಗೇ ಹೇಳುತ್ತಿದ್ದಳು.

ನಿಲ್ಲಿಸಿದರೆ ಕ್ಯಾಮೆರಾ ಮತ್ತೆ ಹತ್ತಿರ ಬರುತ್ತಿತ್ತು.