ಹೊಳೆಗೆ ಹೋದವರ ಪಾಲು

ನಮ್ಮ ಮನೆಯ ನೀರಿನ ಕೊಡದ ಎಡಬದಿಗೆ, ಸಾರಿಸಿದ ನೆಲದ ಮೇಲೆ, ಅಂಗೈಯಗಲದ ಒಂದು ಒದ್ದೆ ಗುರುತಿತ್ತು. ಬೇಸಿಗೆಯಲ್ಲೂ ಅದು ಆರುತ್ತಿರಲಿಲ್ಲ. ಅವ್ವ ನೀರು ಕುಡಿಯುವ ಮೊದಲು ತಂಬಿಗೆಯಲ್ಲಿ ಬೆರಳದ್ದಿ ಒಂದು ಹನಿಯನ್ನು ಅಲ್ಲಿ ಬೀಳಿಸುತ್ತಿದ್ದಳು. ಅವಳ ಅವ್ವನೂ ಹಾಗೆಯೇ ಮಾಡುತ್ತಿದ್ದಳಂತೆ. “ಹೊಳಿಗೆ ಹೋದವರ ಪಾಲು,” ಎನ್ನುವಳು. ಹೊಳೆಗೆ ಹೋದವರು ಯಾರು ಎಂದು ನಾನು ಕೇಳಲಿಲ್ಲ. ನಾನು ಏನನ್ನೂ ಕೇಳುವವಳಲ್ಲ. ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟು ಸುಮ್ಮನಾಗುವವಳು. ಅವಳನ್ನು ನೋಡಿ ನೋಡಿ ನನ್ನ ಬೆರಳಿಗೂ ಅದೇ ರೂಢಿಯಾಗಿತ್ತು. ಎಲ್ಲರ ಮನೆಯಲ್ಲೂ ಕೊಡದ ಪಕ್ಕ ಇಂಥದೊಂದು ಗುರುತಿರುತ್ತದೆ ಎಂದೇ ತಿಳಿದಿದ್ದೆ.

ಪದವಿ ಮುಗಿಸಿದ ವರ್ಷ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ, ಸೇತುವೆಯ ಬಳಿಯ ಸುಂಕದ ಮನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಎರಡು ದೇಶಗಳ ಮಾತುಕತೆಯ ನಡಾವಳಿ ಬರೆಯುವ ಕೆಲಸ. ಹೊಳೆಯ ಈ ದಂಡೆ ನಮ್ಮದು, ಆ ದಂಡೆ ಅವರದು. ಆ ಕಡೆಯ ಕೇರಿಗಳಿಗೆ ಬೆಂಕಿ ಬಿದ್ದ ವಾರ ನಲವತ್ತೊಂದು ಜನ ಹೊಳೆ ದಾಟಿ ಬಂದಿದ್ದರು. ಅವರನ್ನು ಹಳೆಯ ಉಪ್ಪಿನ ಗೋದಾಮಿನಲ್ಲಿ ಕೂಡಿಹಾಕಿದ್ದರು. ಕಾಗದಪತ್ರ ಒಬ್ಬರ ಬಳಿಯೂ ಇರಲಿಲ್ಲ. ಯಾವ ಊರು ಎಂದರೆ, “ಹೊಳಿ ದಂಡಿ.” ಯಾವ ದಂಡೆ ಎಂದರೆ ಬಾಯಿ ಕಟ್ಟಿದ ಮೌನ. ಆ ಮೌನಕ್ಕೆ ಅರ್ಥವಿತ್ತು. ಮೂವತ್ತು ದಿನದೊಳಗೆ ಆ ದಂಡೆಯವರೆಂದು ಸಾಬೀತಾಗದಿದ್ದರೆ ಬಂದವರು ಬಂದಲ್ಲಿಯೇ ಉಳಿಯತಕ್ಕದ್ದು ಎಂದು ಎರಡು ದೇಶಗಳ ನಡುವೆ ಹಳೆಯದೊಂದು ಕರಾರಿತ್ತು. ನಮ್ಮವರಿಗೆ ಅವರನ್ನು ಹೊರದಬ್ಬಬೇಕಿತ್ತು. ಆ ದಂಡೆಯ ಸರಕಾರಕ್ಕೆ ಮರಳಿ ಕರೆದುಕೊಳ್ಳುವ ಮನಸ್ಸಿರಲಿಲ್ಲ.

ನಮ್ಮ ಕಡೆಯ ಮುಖ್ಯಸ್ಥರು ಗುರುಶಾಂತಯ್ಯನವರು, ಆ ಕಡೆಗೆ ಹನುಮಂತರಾಯರು. ಮೊದಲ ದಿನ ರಾಯರ ಕುರ್ಚಿಗೆ ಒಂದು ದಿಂಬಿತ್ತು. ಮರುದಿನ ನಮ್ಮವರು ಎರಡು ತರಿಸಿದರು. ವಾರ ಕಳೆಯುವುದರೊಳಗೆ ಇಬ್ಬರ ಕಾಲೂ ನೆಲಕ್ಕೆ ಎಟುಕುತ್ತಿರಲಿಲ್ಲ. ಕುಡಿಯುವ ನೀರನ್ನೂ ತಂತಮ್ಮ ದಂಡೆಯಿಂದಲೇ ತರಿಸುತ್ತಿದ್ದರು, ಹೊಳೆ ಒಂದೇ ಆದರೂ.

“ನಿಮ್ಮ ಮಂದೀನ ನೀವು ಕರಕೊಂಡು ಹೋಗ್ರಿ ರಾಯರ,” ಎಂದು ಗುರುಶಾಂತಯ್ಯನವರು ಶುರು ಮಾಡುತ್ತಿದ್ದರು.

“ನಮ್ಮ ಮಂದಿ ಅಂತ ಅವರ ಹಣಿ ಮ್ಯಾಲೆ ಬರದೈತೇನ್ರಿ?”

“ಹಣಿ ಮ್ಯಾಲಿಲ್ಲ, ಬೆನ್ನ ಮ್ಯಾಲೈತಿ. ಸುಟ್ಟ ಬೊಬ್ಬಿ. ನಿಮ್ಮ ಸರಕಾರದ ಸಿಕ್ಕಾ ಅದು.”

“ನಾಲಿಗಿ ಬಿಗಿ ಹಿಡೀರಿ ಅಯ್ಯನೋರ! ನಿಮ್ಮ ಉಪ್ಪಿನ ಗೋದಾಮಿನಾಗ ಕುಂತಾರ, ನಿಮ್ಮವರ ಇರಬೇಕು. ಉಪ್ಪಿನಕಾಯಿ ಹಾಕಿ ಇಟ್ಕೋರಿ.”

‘ಉಭಯ ಪಕ್ಷದವರೂ ತಮ್ಮ ನಿಲುವನ್ನು ಮಂಡಿಸಿದರು’ ಎಂದು ನಾನು ಬರೆದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಗೋದಾಮಿಗೆ ಹೋಗಿ ತಲೆ ಎಣಿಸಿ ಬರುವುದೂ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ತಂಗೆವ್ವನೆಂಬ ಹೆಂಗಸಿದ್ದಳು. ನಡುವಯಸ್ಸು, ಒಂದು ಕಡೆಯ ಕೂದಲು ಬೆಂಕಿಗೆ ಸುಟ್ಟಿತ್ತು. ಗಂಡನನ್ನು ಮನೆಯೊಳಗೆ ಹಾಕಿ ಚಿಲಕ ಜಡಿದವರು ನೆರೆಯವರೇ ಅಂತೆ. “ನಮ್ಮನ್ನ ತಿರುಗಿ ಕಳಸೂದಾದ್ರ ಸೇತುವಿ ನಡುವ ನಿಂದರಿಸಿ ಹೊಳಿಗೆ ನೂಕ್ರಿ. ಆಚಿ ದಂಡಿ ಮುಟ್ಟಸಬ್ಯಾಡ್ರಿ,” ಎಂದಿದ್ದಳು.

ಒಂದು ದಿನ ಅವಳು ನನಗೂ ಒಂದು ಲೋಟ ನೀರು ಕೊಟ್ಟಳು. ಇಬ್ಬರೂ ಒಮ್ಮೆಲೇ ಬೆರಳದ್ದಿ ಹನಿ ಬೀಳಿಸಿದೆವು. ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು. “ಅಯ್ಯ ನನ ತಾಯಿ, ನೀನೂ ನಮ್ಮಾಕೀನ!” ಎಂದು ಸೆರಗು ಬಾಯಿಗೊತ್ತಿ ನಕ್ಕಳು. ಆ ಸಂಜೆ ದಿನಚರಿಯಲ್ಲಿ ಬರೆದೆ: ‘ತಂಗೆವ್ವ ಅವ್ವನ ಹಾಗೆಯೇ ಹನಿ ಚೆಲ್ಲಿ ನೀರು ಕುಡಿಯುತ್ತಾಳೆ. ಗೋದಾಮಿನವರೆಲ್ಲರೂ ಹೀಗೇ ಕುಡಿಯುತ್ತಾರೆ.’ ಹೊರಗಿನ ಲೋಕದಲ್ಲಿ ನನ್ನವರೆನ್ನುವವರು ಮೊದಲ ಬಾರಿಗೆ ಸಿಕ್ಕಂತಾಗಿತ್ತು.

ಇಪ್ಪತ್ತೆಂಟನೆಯ ದಿನ ಗುರುಶಾಂತಯ್ಯನವರ ಸಿಟ್ಟು ನನ್ನ ಕಡೆಗೆ ತಿರುಗಿತು. “ಏನವಾ, ದಿನಾ ಅಲ್ಲಿ ಹೋಗಿ ಕುಂದರ್ತಿ. ಒಂದರ ಗುರುತು ಕಣ್ಣಿಗೆ ಬಿದ್ದಿಲ್ಲೇನು? ಪದವಿ ಮಾಡೀಯೋ, ಬರೇ ಸೊನ್ನಿ ತಿದ್ದೀಯೋ?”

ಗುಮಾಸ್ತರು ಗೊಳ್ಳೆಂದು ನಕ್ಕರು. ನನ್ನ ಕಿವಿ ಕಾದವು. ಚೀಲದಿಂದ ದಿನಚರಿ ತೆಗೆದೆ. ಒಮ್ಮೆಯಾದರೂ ಆ ಕೋಣೆ ನನ್ನ ಮಾತಿಗೆ ಕಿವಿಗೊಡಲಿ ಎಂದಿತ್ತೇ ಹೊರತು ಬೇರೇನೂ ಮನಸ್ಸಿನಲ್ಲಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಸಾಲನ್ನು ಓದುವಾಗ ‘ಅವ್ವನ ಹಾಗೆಯೇ’ ಎಂಬ ಎರಡು ಪದಗಳನ್ನು ನಾಲಿಗೆ ತಾನಾಗಿ ದಾಟಿಕೊಂಡು ಹೋಯಿತು.

ನಗು ನಿಂತಿತು. “ನಮ್ಮ ದಂಡ್ಯಾಗ ಯಾರರ ಹಿಂಗ ಮಾಡ್ತಾರೇನು?” ಎಂದು ಗುರುಶಾಂತಯ್ಯನವರು ಮೆಲ್ಲಗೆ ಕೇಳಿದರು.

ಇಲ್ಲವೆಂದು ತಲೆಯಾಡಿಸಿದೆ. ತಲೆ ಎಡದಿಂದ ಬಲಕ್ಕೆ ಹೊರಳುವಷ್ಟರಲ್ಲಿ ಎಲ್ಲವೂ ಗೊತ್ತಾಗಿಹೋಯಿತು: ಅಜ್ಜಿ ಎಲ್ಲಿಂದ ಬಂದವಳು, ಹೊಳೆಗೆ ಹೋದವರು ಯಾರು, ಅವ್ವ ತನ್ನ ತವರಿನ ಮಾತು ಏಕೆ ಎತ್ತುವುದಿಲ್ಲ.

ಮರುದಿನ ಗೋದಾಮಿನಿಂದ ಐವರನ್ನು ಬಿಸಿಲಲ್ಲಿ ನಡೆಸಿ ತಂದರು. ಒಬ್ಬೊಬ್ಬರಿಗೂ ನೀರು ಕೊಟ್ಟರು. ನಾಲ್ವರು ಏನೂ ಅರಿಯದೆ ಹನಿ ಬೀಳಿಸಿ ಕುಡಿದರು. ಐದನೆಯವಳು ತಂಗೆವ್ವ, ತನ್ನ ಲೋಟವನ್ನು ಮುಟ್ಟಲಿಲ್ಲ.

“ನೀರು ಚೆಲ್ಲೂದು ಯಾವ ಸಾಕ್ಷಿರೀ?” ಎಂದು ರಾಯರು ನಕ್ಕರು. “ನಾಳೆ ಸೀನೂದು ಸಾಕ್ಷಿ ಅಂತೀರಿ.”

“ನಿಮ್ಮ ಲೋಟದ ಎಡಕ್ಕ ನೋಡ್ರಿ ರಾಯರ,” ಎಂದರು ಗುರುಶಾಂತಯ್ಯನವರು.

ಎಲ್ಲರೂ ನೋಡಿದರು. ಇಪ್ಪತ್ತೊಂಬತ್ತು ದಿನಗಳ ಹನಿಗೆ ಮೇಜಿನ ಬಣ್ಣ ಅಂಗೈಯಗಲ ಎದ್ದುಹೋಗಿತ್ತು. ರಾಯರು ತಟ್ಟನೆ ಅದರ ಮೇಲೆ ಕೈಯಿಟ್ಟರು, ಇಟ್ಟದ್ದೇ ಒಪ್ಪಿಕೊಂಡಂತಾಯಿತು. ಆದರೂ ಸೋಲದೆ ತಂಗೆವ್ವನ ಕಡೆ ತಿರುಗಿ, “ಏ, ಈ ದಂಡ್ಯಾಗ ಹುಟ್ಟಿದವರು ಯಾರರ ಹಿಂಗ ಕುಡಿಯೂದ ನೋಡೀಯೇನು? ಒಬ್ಬರನ್ನ ತೋರಸು ಸಾಕು, ಇವರ ಸಾಕ್ಷಿ ಮುರದ ಬೀಳ್ತೈತಿ,” ಎಂದರು.

ತಂಗೆವ್ವ ನನ್ನತ್ತ ಬೆರಳು ಮಾಡಲಿಲ್ಲ, ಬರೀ ನೋಡಿದಳು. “ಈ ಬರಿಯಾಕೀನ ಕೇಳ್ರಿ,” ಎಂದಳು. “ಆಕಿ ಮುಂದ ನೀರು ಐತಲ್ಲ.”

ಕೋಣೆಯ ಕಣ್ಣುಗಳೆಲ್ಲ ನನ್ನ ಲೋಟದ ಮೇಲೆ ಬಂದು ಕುಳಿತವು. ಬೆಳಗಿನಿಂದ ನಾನದನ್ನು ಮುಟ್ಟಿರಲಿಲ್ಲ.

“ಕುಡಿ ಅವಾ,” ಎಂದರು ಗುರುಶಾಂತಯ್ಯನವರು, ನನ್ನ ಕೈಯನ್ನೇ ನೋಡುತ್ತ.

ಒಂದು ಹನಿ ಸಾಕಿತ್ತು. ನಲವತ್ತೊಂದು ಜನಕ್ಕೆ ಒಂದು ಹನಿ. ನನ್ನ ಬೆರಳು ನೀರಿನ ಅಂಚಿನವರೆಗೂ ಹೋಯಿತು. ಅಲ್ಲಿಂದಾಚೆಗೆ ಗೋದಾಮಿನ ಬಾಗಿಲು ಕಂಡಿತು, ಒಳಗೆ ನನ್ನನ್ನೂ ಅವ್ವನನ್ನೂ ಸೇರಿಸಿ ನಲವತ್ತೆರಡು, ನಲವತ್ತಮೂರು ಎಂದು ತಲೆ ಎಣಿಸುವ ಯಾರೋ ಕಂಡರು. ಬೆರಳು ಮಡಚಿ, ಲೋಟವೆತ್ತಿ, ಗಟಗಟ ಕುಡಿದುಬಿಟ್ಟೆ. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ತಂಗೆವ್ವ ಮೇಜಿನ ಹತ್ತಿರ ಬಂದು ತನಗೆಂದಿಟ್ಟ ಲೋಟವನ್ನು ಎತ್ತಿಕೊಂಡಳು. ಎಲ್ಲರೂ ಕಾಣುವಂತೆ ಬೆರಳದ್ದಿ, ಎರಡು ಹನಿ ಬೀಳಿಸಿದಳು. “ಹೊಳಿಗೆ ಹೋದವರ ಪಾಲೂ ನುಂಗಿದಿ,” ಎಂದಳು ನನಗೆ. ಸಿಪಾಯಿ ಅವಳನ್ನು ಆಚೆಗೆ ದೂಡಿದ. ಆ ಮಾತು ನಡಾವಳಿಗೆ ಸೇರಿದ್ದಲ್ಲವೆಂದು ನಾನು ಬರೆಯಲಿಲ್ಲ.

ಮೂವತ್ತನೆಯ ದಿನ ಅವರೆಲ್ಲರನ್ನೂ ಸೇತುವೆ ದಾಟಿಸಿದರು. ನಾನು ಈ ಕೊನೆಯಲ್ಲಿ ನಿಂತು ತಲೆ ಎಣಿಸಿದೆ. ಆ ದಂಡೆಯಲ್ಲಿ ಅವರಿಗೆ ಏನಾಯಿತೆಂಬ ಸುದ್ದಿ ನಮ್ಮ ಕಡೆಗೆ ಬರಲೇ ಇಲ್ಲ.

ಹನಿಯ ಸಂಗತಿ ಎರಡು ದಿನದಲ್ಲಿ ಊರೆಲ್ಲ ಹಬ್ಬಿತು. ಚಹದಂಗಡಿಗಳಲ್ಲಿ ಜನ ಒಬ್ಬರ ಬೆರಳನ್ನು ಒಬ್ಬರು ನೋಡತೊಡಗಿದರು. ನಾನು ಮನೆಯಲ್ಲಿ ಏನೂ ಹೇಳಲಿಲ್ಲ, ಅವ್ವ ಏನೂ ಕೇಳಲಿಲ್ಲ. ಒಂದು ಸಂಜೆ ಅವಳು ತಂಬಿಗೆ ಎತ್ತಿ, ಗೋಡೆಗೆ ಮುಖ ಮಾಡಿ, ಒಂದೇ ಉಸಿರಿಗೆ ಕುಡಿದು ಇಟ್ಟಳು.

ಕೊಡದ ಪಕ್ಕದ ಗುರುತು ನಾಲ್ಕೇ ದಿನಕ್ಕೆ ಆರಿ, ಬಿರಿದು, ಹಕ್ಕಳೆಯಂತೆ ಎದ್ದಿತು. ಅವ್ವ ಅದನ್ನು ಕೆರೆದು ತೆಗೆದು, ಮಣ್ಣು ಮೆತ್ತಿ, ಸುತ್ತಲಿನ ನೆಲದೊಡನೆ ಒಂದಾಗುವಂತೆ ಸಾರಿಸಿದಳು. ಆಮೇಲೆ ಎಷ್ಟೋ ಸಲ ಸಾರಿಸಿದ್ದೇವೆ. ಪ್ರತಿ ಸಲವೂ ಇಡೀ ಮನೆಯ ನೆಲ ಒಣಗಿ ಬೆಳ್ಳಗಾದ ಮೇಲೆಯೂ, ಆ ಅಂಗೈಯಗಲ ಮಾತ್ರ ಇನ್ನೂ ಒಂದು ಗಳಿಗೆ ಕಪ್ಪಗೆ ಉಳಿದಿರುತ್ತದೆ.